ತೊಂಬತ್ತೆಂಟು ಪಾಯಿಂಟ್ ನಾಲ್ಕು

ಬೆಳಗಿನ ಆರು ಗಂಟೆಗೆ ನರ್ಸ್ ಸುರಭಿ ಥರ್ಮಾಮೀಟರ್ ಹಿಡಿದು ಬರುವುದಕ್ಕೆ ಇನ್ನು ಐದು ನಿಮಿಷವಿದೆ ಎನ್ನುವಾಗ ವೆಂಕಟಸ್ವಾಮಿ ಮೇಷ್ಟ್ರು ಪೇಪರ್ ಲೋಟದಿಂದ ಒಂದು ತುಂಡು ಐಸ್ ತೆಗೆದು, ಅತ್ತಿತ್ತ ನೋಡಿ, ಎಡಗಂಕುಳಿಗೆ ಸಿಕ್ಕಿಸಿಕೊಂಡರು. ಡ್ರಿಲ್ ಪೀರಿಯಡ್ಡಿನಲ್ಲಿ ಎಣಿಸುವ ಹಾಗೆಯೇ ಮನಸ್ಸಿನೊಳಗೆ ಎಣಿಸತೊಡಗಿದರು: ಒಂದು, ಎರಡು, ಮೂರು, ನಾಲ್ಕು. ನೂರಿಪ್ಪತ್ತಕ್ಕೆ ಸರಿಯಾಗಿ ತೆಗೆಯಬೇಕು. ನೂರಕ್ಕೇ ತೆಗೆದರೆ ಅವಸರವಾಗುತ್ತದೆ, ಜ್ವರ ಇಣುಕಿಬಿಡುತ್ತದೆ. ನೂರೈವತ್ತಕ್ಕೆ ಹೋದರೆ ಇನ್ನೊಂದು ರಾದ್ಧಾಂತ. ಮೊದಲ ಸಲ ಹಾಗೇ ಆಗಿತ್ತು. ಥರ್ಮಾಮೀಟರ್ ತೊಂಬತ್ತೈದಕ್ಕೆ ಇಳಿದು, ಸುರಭಿ ಗಾಬರಿಯಾಗಿ, "ಅಂಕಲ್ ತಣ್ಣಗಾಗ್ಬಿಟ್ಟಿದಾರೆ!" ಎಂದು ಓಡಿಹೋಗಿ ಎರಡು ಕಂಬಳಿ ತಂದು ಹೊದಿಸಿದ್ದಳು. ನೂರಾ ಎರಡು ಡಿಗ್ರಿಯಲ್ಲಿ ಬೇಯುತ್ತಿದ್ದ ಮನುಷ್ಯ ಎರಡು ಕಂಬಳಿಯ ಕೆಳಗೆ ಮಲಗಿ, ಬೆವೆತು, "ಈಗ ಹಿತವಾಗಿದೆ ಸಿಸ್ಟರ್" ಎಂದು ನಗಬೇಕಾಯಿತು. ಮೂರನೆಯ ಸಲಕ್ಕೆ ಹದ ಸಿಕ್ಕಿತು. ಅಲ್ಲಿಂದ ಈಚೆಗೆ ಅವರ ಚಾರ್ಟಿನಲ್ಲಿ ಒಂದೇ ಅಂಕಿ: ತೊಂಬತ್ತೆಂಟು ಪಾಯಿಂಟ್ ನಾಲ್ಕು. ಅಷ್ಟು ಶಿಸ್ತಿನ ಮೈ ಇಡೀ ಐಸಿಯುನಲ್ಲಿ ಇನ್ನೊಂದಿರಲಿಲ್ಲ.

ಐಸು ಅವರಿಗೆ ಕೊಡುತ್ತಿದ್ದುದು ಬಾಯಿಗೆ ಹಾಕಿಕೊಳ್ಳಲಿಕ್ಕೆ. ದಿನಕ್ಕೆ ಒಂದು ಲೀಟರಿನ ಮೇಲೆ ನೀರು ಕುಡಿಯುವ ಹಾಗಿಲ್ಲ, ಹೃದಯಕ್ಕೆ ಹೊರಲಾಗುವುದಿಲ್ಲ, ಅದಕ್ಕೇ ನಾಲಿಗೆ ಒಣಗಿದಾಗ ಚೀಪಿಕೊಳ್ಳಲಿ ಎಂದು ಹೊತ್ತಿಗೆ ನಾಲ್ಕು ತುಂಡು. ಆ ನಾಲ್ಕರಲ್ಲಿ ಒಂದನ್ನು ಕಂಕುಳಿಗೆ ದಾನ ಮಾಡಿ ಒಣಗಿದ ನಾಲಿಗೆಯಲ್ಲಿ ಮೇಷ್ಟ್ರು ಎಣಿಸುತ್ತಿದ್ದರು, ಎಪ್ಪತ್ತೊಂದು, ಎಪ್ಪತ್ತೆರಡು, ಕೈ ಎತ್ತೋ ಲೇ, ಎತ್ತೋ ಅಂದ್ರೆ. ಶ್ರೀನಗರದ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಪಿ.ಟಿ. ಮೇಷ್ಟ್ರು ಅವರು. ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡು ಬಿಸಿಲಿಗೆ ನಿಂತರೆ ಜ್ವರ ಬರುತ್ತದೆ ಎಂಬ ವಿದ್ಯೆಯನ್ನು ಯಾವ ಪಠ್ಯದಲ್ಲೂ ಇಟ್ಟಿಲ್ಲ, ಆದರೂ ಪ್ರತಿ ವರ್ಷ ಎಂಟನೇ ಕ್ಲಾಸಿಗೆ ಬಂದವರಿಗೆಲ್ಲ ಅದು ಗೊತ್ತಿರುತ್ತಿತ್ತು. "ಸಾರ್, ಜ್ವರ" ಎಂದು ಮುಖ ಬಾಡಿಸಿಕೊಂಡು ಬಂದವನ ಹಣೆಯನ್ನು ಅವರು ಮುಟ್ಟುತ್ತಲೇ ಇರಲಿಲ್ಲ. ಕೈ ಎತ್ತಿಸಿ ಕಂಕುಳು ಮೂಸುತ್ತಿದ್ದರು ಅಷ್ಟೇ. "ಸಾಗು ಮಾಡಕ್ಕೆ ಆಲೂಗೆಡ್ಡೆ ಎಲ್ಲಿಟ್ಟಿದೀಯಪ್ಪಾ?" ಎಂದು ಕೇಳಿ ಮೈದಾನಕ್ಕೆ ಐದು ಸುತ್ತು. ಸ್ಟಾಫ್ ರೂಮಿನಲ್ಲಿ ಅವರ ಹೆಸರೇ ಈರುಳ್ಳಿ ಮೇಷ್ಟ್ರು ಎಂದಾಗಿತ್ತು. ಬಾರದ ಜ್ವರ ಬರಿಸಿಕೊಳ್ಳುವವರನ್ನು ಹಿಡಿದು ಹಿಡಿದು ಹೆಸರು ಮಾಡಿದವರು ಐವತ್ತನಾಲ್ಕನೇ ವಯಸ್ಸಿನಲ್ಲಿ ಬಂದ ಜ್ವರ ಬಚ್ಚಿಡುವ ಕಸುಬಿಗೆ ಇಳಿದಿದ್ದರು. ನೂರಿಪ್ಪತ್ತು. ಐಸನ್ನು ಲೋಟಕ್ಕೆ ಹಾಕಿ, ಗೌನಿನ ತೋಳಿನಿಂದ ಕಂಕುಳು ಒರೆಸಿಕೊಂಡರು. ಸುರಭಿ ಪರದೆ ಸರಿಸಿ ಒಳಗೆ ಬಂದಳು.

"ಗುಡ್ ಮಾರ್ನಿಂಗ್ ಅಂಕಲ್. ಚಳಿ ಗಿಳಿ ಏನಾದ್ರೂ?"

"ಏನೂ ಇಲ್ಲಮ್ಮ. ಕಲ್ಲು ಇದ್ದಂಗಿದೀನಿ."

ಥರ್ಮಾಮೀಟರ್ ಬೀಪ್ ಎಂದಿತು. ಅವಳು ಬರೆದುಕೊಂಡಳು. ಏನು ಬರೆದುಕೊಂಡಳೆಂದು ಮೇಷ್ಟ್ರು ಕೇಳಲಿಲ್ಲ.

ಎರಡು ವರ್ಷದಿಂದ ಅವರ ಹೃದಯ ಹಳೆಯ ವಾಲಿಬಾಲಿನ ಬ್ಲ್ಯಾಡರಿನ ಹಾಗೆ ಹಿಗ್ಗಿ ಸಡಿಲವಾಗುತ್ತಾ ಬಂದಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. "ಶೂ ಟೈಟಾಗಿದೆ ಕಣೇ" ಎಂದು ಹೆಂಡತಿ ಪಾರ್ವತಮ್ಮನಿಗೆ ಹೇಳಿದರು. ಕಾಲು ಊದಿದಾಗ, "ಬಸ್ಸಲ್ಲಿ ನಿಂತ್ಕೊಂಡು ಬಂದೆ." ಮಲಗಿದರೆ ಉಸಿರು ಕಟ್ಟಿ ಎದ್ದು ಕೂತಾಗ, "ಸೊಳ್ಳೆ." ಆ ಹೆಂಗಸು ಸುದ್ದಗುಂಟೆಪಾಳ್ಯದಲ್ಲಿದ್ದ ಸೊಳ್ಳೆಬತ್ತಿಯನ್ನೆಲ್ಲ ತಂದು ಮನೆಯಲ್ಲಿ ಹೊಗೆ ಹಾಕಿದ್ದೇ ಬಂತು. ಕೊನೆಗೆ ಅಸೆಂಬ್ಲಿಯಲ್ಲಿ ಮಕ್ಕಳಿಗೆ ಸಾವಧಾನ್ ಹೇಳಿ ತಾವೇ ವಿಶ್ರಾಮ್ ಆಗಿ ನೆಲಕ್ಕೆ ಬಿದ್ದಾಗ ಸುಳ್ಳು ಹೇಳಲು ಪುರಸೊತ್ತಾಗಲಿಲ್ಲ. ಜೆ.ಪಿ. ನಗರದ ಈ ಆಸ್ಪತ್ರೆಯ ಆರನೇ ಮಹಡಿಗೆ ತಂದು, ಬಲಗಡೆ ಕೊರಳೆಲುಬಿನ ಕೆಳಗೆ ಕೊಯ್ದು, ರಕ್ತನಾಳದ ಒಳಗಿನಿಂದಲೇ ಪೆನ್ಸಿಲ್ ದಪ್ಪದ ಪಂಪೊಂದನ್ನು ಹೃದಯಕ್ಕೆ ಇಳಿಸಿದರು. ಅದರ ವೈರು ಹೊರಬಂದು ಮಂಚದ ಪಕ್ಕದ ಯಂತ್ರಕ್ಕೆ ಸೇರಿತ್ತು. ಇವತ್ತಿಗೆ ಇಪ್ಪತ್ತಮೂರು ದಿನ. ಡಾಕ್ಟರಮ್ಮ ಮೊದಲ ದಿನವೇ ಬಿಡಿಸಿ ಹೇಳಿದ್ದರು: "ಇದು ತಾತ್ಕಾಲಿಕ ಮೇಷ್ಟ್ರೇ, ಬೇರೆ ಹಾರ್ಟ್ ಸಿಗೋವರೆಗೆ ಅಷ್ಟೆ. ನಿಮ್ಮ ಮೈಗೆ ನಾವೇ ಬಾಗಿಲು ಕೊರೆದಿದೀವಿ. ಪಂಪಿಗೊಂದು, ಕುತ್ತಿಗೇಲಿ ಔಷಧಿ ಲೈನಿಗೊಂದು, ಯೂರಿನ್ನಿಗೊಂದು. ಮುಚ್ಚೋಕಾಗೋದನ್ನ ಬೇಗ ಮುಚ್ತೀವಿ. ಮಿಕ್ಕಿದ್ದರಲ್ಲಿ ಇನ್‌ಫೆಕ್ಷನ್ ಯಾವಾಗ ಬೇಕಾದ್ರೂ ನುಗ್ಗಬಹುದು, ದಿನ ಕಳೆದಷ್ಟೂ ಜಾಸ್ತಿ. ಹೊಸ ಹಾರ್ಟ್ ಹಾಕಿದ ಮೇಲೆ ಅದನ್ನ ಮೈ ಒಪ್ಕೊಳ್ಳಲಿ ಅಂತ ಒಂದು ಔಷಧಿ ಕೊಡ್ತೀವಿ. ಅದು ಮೈ ಕಾಯೋ ವಾಚ್‌ಮನ್‌ಗೇ ನಿದ್ದೆ ಮಾತ್ರೆ ಕೊಟ್ಟಂಗೆ. ಆಗ ರಕ್ತದಲ್ಲಿ ಕ್ರಿಮಿ ಇದ್ರೆ ಅದಕ್ಕೆ ಹಬ್ಬ, ನಿಮಗೆ ತಿಥಿ. ಒಂಚೂರು ಚಳಿ ಅನ್ಸಿದ್ರೂ ಹೇಳ್ಬೇಕು, ಆಯ್ತಾ?" ಮೇಷ್ಟ್ರು ಮಕ್ಕಳ ಹಾಗೆ ತಲೆಯಾಡಿಸಿದ್ದರು. ತಲೆಯಾಡಿಸಿದ ಮಕ್ಕಳನ್ನು ಯಾವತ್ತೂ ನಂಬಬಾರದೆಂದು ಅವರಿಗೇ ಚೆನ್ನಾಗಿ ಗೊತ್ತಿತ್ತು.

ಹೇಳುವುದಕ್ಕೇನು, ಹೇಳಬಹುದಿತ್ತು. ಆದರೆ ಪಕ್ಕದ ಮಂಚದಲ್ಲಿದ್ದ ಲಕ್ಕಪ್ಪ ಹೇಳಿದ್ದ. ಕನಕಪುರ ರಸ್ತೆಯ ಕಡೆಯವನು, ಸಾಧು ಮನುಷ್ಯ. "ಯಾಕೋ ನಡುಕ ಬತ್ತಾದೆ ಸಿಸ್ಟರ್" ಎಂದು ತಾನಾಗಿಯೇ ಬಾಯಿಬಿಟ್ಟ. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು, ಹೃದಯಕ್ಕೆ ಕಾಯುವವರ ಲಿಸ್ಟಿನಲ್ಲಿ ಅವನ ಹೆಸರಿನ ಮುಂದೆ 'ಹೋಲ್ಡ್' ಎಂದು ಹಾಕಿದರು. ಜ್ವರ ಇಳಿದು ರಕ್ತ ಶುದ್ಧ ಎಂದು ಬರುವವರೆಗೆ ಅವನಿಗೆ ಹೃದಯವಿಲ್ಲ. ಹೋಲ್ಡ್ ಆದ ಎರಡನೇ ದಿನವೇ ಅವನಿಗೆ ಹೊಂದುವ ಹೃದಯವೊಂದು ಬಂತು, ಬೇರೆ ಆಸ್ಪತ್ರೆಯ ಇನ್ಯಾರಿಗೋ ಹೋಯಿತು. ಹನ್ನೊಂದನೇ ದಿನ ಬೆಳಿಗ್ಗೆ ಆ ಮಂಚದ ಮೇಲೆ ಒಗೆದ ಬೆಡ್‌ಶೀಟ್ ಹಾಸಿತ್ತು. "ಲಕ್ಕಪ್ಪ ಎಲ್ಲಮ್ಮ?" ಎಂದರೆ, "ಶಿಫ್ಟ್ ಮಾಡಿದೀವಿ ಅಂಕಲ್" ಎಂದು ಸುರಭಿ ಕಿಟಕಿಯ ಕಡೆ ತಿರುಗಿಕೊಂಡಳು. ಶಿಫ್ಟ್ ಎಂದರೆ ಎಲ್ಲಿಗೆ ಎಂದು ಕೇಳುವಷ್ಟು ದಡ್ಡರಲ್ಲ ಮೇಷ್ಟ್ರು. ಆಮೇಲೆ ಮೂರು ದಿನದ ಹಿಂದೆ ಹಲ್ಲು ಕಟಕಟ ಎನ್ನುವ ಚಳಿ ಬಂದು ಕುತ್ತಿಗೆಯ ಲೈನಿನ ಸುತ್ತ ಉರಿಯತೊಡಗಿದಾಗ ಅವರು ಮೊದಲು ಮಾಡಿದ ಕೆಲಸವೆಂದರೆ ಹಲ್ಲುಗಳ ನಡುವೆ ಟವೆಲ್ಲಿನ ತುದಿ ಕಚ್ಚಿಕೊಂಡಿದ್ದು. ಎರಡನೆಯ ಕೆಲಸ, ಐಸು. ಡಾಕ್ಟರಮ್ಮ ನಿನ್ನೆ ಬಂದು, "ರಕ್ತದ ಕೌಂಟ್ ಯಾಕೋ ಸ್ವಲ್ಪ ಏರಿದೆ, ಆದ್ರೆ ಜ್ವರ ಇಲ್ವಲ್ಲ" ಎಂದು ಚಾರ್ಟನ್ನೇ ನೋಡುತ್ತಾ ನಿಂತಿದ್ದರು. ನಾಳೆ ಮತ್ತೆ ನೋಡೋಣ ಎಂದು ಹೋದರು. ಇವರು ಅವರ ಬೆನ್ನು ನೋಡುತ್ತಾ ಗೆದ್ದೆ ಎಂದುಕೊಂಡರು.

ಲಕ್ಕಪ್ಪನ ಮಂಚಕ್ಕೆ ಈಗ ಬಂದಿದ್ದವರು ಜಯಸಿಂಹ. ಜಯನಗರ ನಾಲ್ಕನೇ ಬ್ಲಾಕಿನವರು, ಇನ್ಶೂರೆನ್ಸ್ ಕಚೇರಿಯಲ್ಲಿದ್ದು ರಿಟೈರಾದವರು, ಅವರಿಗೂ ಅದೇ ಥರದ ಪಂಪು, ಅದೇ ಲಿಸ್ಟು. ಹೆಸರಿನಲ್ಲಿ ಸಿಂಹವೂ ಜಯವೂ ಇದ್ದರೂ ಮನುಷ್ಯ ಕೆಮ್ಮುವ ಮೊದಲು "ಕ್ಷಮಿಸಿ" ಎನ್ನುವ ಪೈಕಿ. ಯಂತ್ರದ ಅಲಾರಂ ಹೊಡೆದುಕೊಂಡರೆ ತಾನೇ ಏನೋ ತಪ್ಪು ಮಾಡಿದ ಹಾಗೆ ಇಡೀ ವಾರ್ಡಿಗೆ ಕೈಮುಗಿಯುತ್ತಿದ್ದರು. ಮೇಷ್ಟ್ರನ್ನು 'ತಾವು' ಎಂದು ಕರೆದವರು ಜೀವಮಾನದಲ್ಲಿ ಇವರೊಬ್ಬರೇ. ಸುದ್ದಗುಂಟೆಪಾಳ್ಯದಿಂದ ಜಯನಗರಕ್ಕೆ ಬಸ್ಸಿನಲ್ಲಿ ಹದಿನೈದು ನಿಮಿಷ. ಹೊರಗಾಗಿದ್ದರೆ ಈ ಇಬ್ಬರೂ ಒಬ್ಬರ ಮನೆಗೆ ಒಬ್ಬರು ಏಳು ಜನ್ಮಕ್ಕೂ ಹೋಗುತ್ತಿರಲಿಲ್ಲ. ಇಲ್ಲಿ ನೋಡಿದರೆ ಊಟ ಬೇರೆ, ಮಾತು ಬೇರೆ, ಜಾತಿ ಬೇರೆ, ರಕ್ತ ಮಾತ್ರ ಒಂದೇ ಓ ಪಾಸಿಟಿವ್. ತೂಕವೂ ಹೆಚ್ಚುಕಡಿಮೆ ಒಂದೇ. ಒಬ್ಬರಿಗೆ ಹೊಂದುವ ಹೃದಯ ಇನ್ನೊಬ್ಬರಿಗೂ ಹೊಂದುತ್ತದೆ. ಮೊದಲು ಬಂದವರು ವೆಂಕಟಸ್ವಾಮಿಯವರಾದ್ದರಿಂದ ಮೊದಲ ಸರದಿ ಅವರದು. ಇದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ಇಬ್ಬರೂ ಹವಾಮಾನದ ಬಗ್ಗೆ, ಮೆಟ್ರೋ ಬಗ್ಗೆ, ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಮೊದಲು ಸಿಗುತ್ತಿದ್ದ ತರಕಾರಿಯ ಬಗ್ಗೆ ಮಾತಾಡುತ್ತಿದ್ದರು.

"ತಾವು ಐಸನ್ನ ಬಹಳ ಇಷ್ಟಪಡ್ತೀರಿ ಅಂತ ಕಾಣುತ್ತೆ," ಎಂದರು ಅವತ್ತು ಬೆಳಿಗ್ಗೆ ಜಯಸಿಂಹ, ಪರದೆಯ ಆಚೆಯಿಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಷ್ಟ್ರು ಕಂಕುಳನ್ನೇ ಮುಟ್ಟಿ ನೋಡಿಕೊಂಡರು. "ಬಾಯಾರಿಕೆ ಸಾರ್," ಎಂದರು.

"ಹೌದು, ಹೌದು. ಬಾಯಾರಿಕೆ ಬಹಳ ಕಷ್ಟ," ಎಂದರು ಜಯಸಿಂಹ. ಆಮೇಲೆ ಬಹಳ ಹೊತ್ತಾದರೂ ಅವರ ಮಂಚ ಕಿರುಗುಟ್ಟುತ್ತಲೇ ಇತ್ತು.

ಆ ಮಾತಿಗೆ ಹೆದರಿದ್ದಕ್ಕೋ ಏನೋ, ಹತ್ತು ಗಂಟೆಯ ಹೊತ್ತಿಗೆ ಮೇಷ್ಟ್ರ ಲೆಕ್ಕ ತಪ್ಪಿತು. ಜ್ವರ ಏರುತ್ತಿದೆ ಎನಿಸಿ ಒಂದರ ಬದಲು ಎರಡು ತುಂಡು ಇಟ್ಟುಕೊಂಡರು. ಬಿಸಿ ಮೈಗೆ ಎರಡೂ ಸರಸರ ಕರಗಿ ಪಕ್ಕೆಯ ಗುಂಟ ಹರಿದು ಸೊಂಟದ ಕೆಳಗೆ ನಿಂತವು. ಸುರಭಿ ಬಂದಳು, ಥರ್ಮಾಮೀಟರ್ ಇಟ್ಟಳು, ತೊಂಬತ್ತೆಂಟು ಪಾಯಿಂಟ್ ನಾಲ್ಕು ಎಂದು ಬರೆದುಕೊಂಡಳು. ದಿಂಬು ಸರಿಮಾಡಲೆಂದು ಬಗ್ಗಿದವಳ ಕೈ ಹಾಸಿಗೆಗೆ ತಗುಲಿತು. ಹಾಸಿಗೆ ಒದ್ದೆಯಾಗಿತ್ತು. ಯೂರಿನ್ ನಳಿಕೆಯನ್ನು ವಾರದ ಹಿಂದೆಯೇ ತೆಗೆದಿದ್ದರು, ಒಂದು ಬಾಗಿಲಾದರೂ ಮುಚ್ಚಲಿ ಎಂದು. ಈಗ ಮೇಷ್ಟ್ರು ಪಕ್ಕದಲ್ಲಿ ತೂಗುಹಾಕಿದ್ದ ಪ್ಲಾಸ್ಟಿಕ್ ಕ್ಯಾನಿನಲ್ಲಿ ಮಾಡಬೇಕು.

"ಪರವಾಗಿಲ್ಲ ಅಂಕಲ್," ಎಂದಳು ಸುರಭಿ ಧ್ವನಿ ತಗ್ಗಿಸಿ. "ಎಲ್ರಿಗೂ ಆಗುತ್ತೆ. ಬೇಜಾರು ಮಾಡ್ಕೋಬೇಡಿ."

"ಏನಾಗುತ್ತೆ?" ಎಂದರು ಮೇಷ್ಟ್ರು. ಎಂದ ಮರುಕ್ಷಣವೇ ಅರ್ಥವಾಯಿತು. ಇಲ್ಲಮ್ಮ, ಅದು ನೀರು, ಬರೀ ನೀರು ಎಂದು ನಾಲಿಗೆಯ ತುದಿಗೆ ಬಂತು. ನೀರು ಎಲ್ಲಿಂದ ಬಂತು ಎಂದರೆ ಐಸು. ಐಸು ಹಾಸಿಗೆಗೆ ಯಾಕೆ ಬಂತು ಎಂದರೆ? ಶಾಲೆಯಲ್ಲಿ ಮೂರನೇ ಪ್ರಶ್ನೆಗೇ ಎಲ್ಲ ಕಳ್ಳರೂ ಸಿಕ್ಕಿಬೀಳುತ್ತಿದ್ದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. "ಹೂಂನಮ್ಮ," ಎಂದರು. "ಗೊತ್ತಾಗ್ಲಿಲ್ಲ. ಹೋಗ್ಬಿಡ್ತು."

ಇನ್ನೊಬ್ಬ ನರ್ಸನ್ನೂ ಕರೆದು, ಪಂಪಿನ ವೈರು ಎಳೆಯದ ಹಾಗೆ ಅವರನ್ನು ಅತ್ತ ಹೊರಳಿಸಿ ಇತ್ತ ಹೊರಳಿಸಿ ಬೆಡ್‌ಶೀಟ್ ಬದಲಾಯಿಸಿದರು. "ಒಂದ್ ಡಯಪರ್ ಹಾಕ್ಬಿಡಣ ಅಂಕಲ್, ಸೇಫು. ಒದ್ದೆ ಇದ್ರೆ ಅದರಿಂದ್ಲೂ ಇನ್‌ಫೆಕ್ಷನ್ ಆಗುತ್ತೆ," ಎಂದಳು ಸುರಭಿ. ಇಪ್ಪತ್ತೊಂಬತ್ತು ವರ್ಷ ಬಿಳಿ ಪ್ಯಾಂಟಿನ ಇಸ್ತ್ರಿ ಮುರಿಯದ ಹಾಗೆ ಮೈದಾನದಲ್ಲಿ ನಿಂತು ಸೀಟಿ ಊದಿದ ವೆಂಕಟಸ್ವಾಮಿ ಮೇಷ್ಟ್ರು ಸೊಂಟ ಎತ್ತಿಕೊಟ್ಟರು. ಅವರ ಕಣ್ಣಿನಲ್ಲಿ ನೀರು ಬಂತು, ನಗುವೂ ಬಂತು. ಜ್ವರ ಒಪ್ಪಿಕೊಳ್ಳುವುದಕ್ಕಿಂತ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಂಡವನು ಎನಿಸಿಕೊಳ್ಳುವುದೇ ವಾಸಿ ಎಂಬಲ್ಲಿಗೆ ಬಂದಿತ್ತು ಬದುಕು.

ನರ್ಸುಗಳು ಹೋದ ಮೇಲೆ ಪರದೆಯ ಆಚೆ ಜಯಸಿಂಹ ಗಂಟಲು ಸರಿಮಾಡಿಕೊಂಡರು. "ಕ್ಷಮಿಸಿ ಮೇಷ್ಟ್ರೇ. ನಾನೇನೂ ಕೇಳಿಸ್ಕೊಳ್ಳಲಿಲ್ಲ."

"ಥ್ಯಾಂಕ್ಸ್ ಸಾರ್," ಎಂದರು ಮೇಷ್ಟ್ರು.

ಹನ್ನೆರಡು ಗಂಟೆಗೆ ಮೋಹಿತ್ ಬಂದ. ಅಂಗಾಂಗ ಕಸಿಯ ಓಡಾಟವನ್ನೆಲ್ಲ ನೋಡಿಕೊಳ್ಳುವ ಹುಡುಗ, ದಿನವೂ ನಿಧಾನವಾಗಿ ನಡೆಯುವವನು ಇವತ್ತು ಹೆಚ್ಚುಕಡಿಮೆ ಓಡಿಯೇ ಬಂದ. ಮಾಸ್ಕಿನ ಮೇಲೆ ಕಣ್ಣು ನಗುತ್ತಿದ್ದವು. "ಸಾರ್, ಬಂತು. ಓ ಪಾಸಿಟಿವ್. ಇಪ್ಪತ್ತಾರು ವರ್ಷದವರದ್ದು. ಮನೆಯವರು ಒಪ್ಪಿದಾರೆ. ಸಂಜೆ ಐದರ ಹೊತ್ತಿಗೆ ನಿಮ್ಮನ್ನ ಆಪರೇಷನ್ನಿಗೆ ಓಟಿಗೆ ತಗೊಳ್ಳೋದು." ಏನಾದರೂ ಹೇಳಬೇಕೆಂದು ಮೇಷ್ಟ್ರು, "ಸಿಲ್ಕ್ ಬೋರ್ಡ್ ಕಡೆಯಿಂದ ಬರುತ್ತಾ? ಹಂಗಾದ್ರೆ ಐದಕ್ಕೆ ಬರಲ್ಲ ಬಿಡಪ್ಪ," ಎಂದರು. "ಪೊಲೀಸ್ನೋರು ರೋಡ್ ಕ್ಲಿಯರ್ ಮಾಡ್ಕೊಡ್ತಾರೆ ಸಾರ್!" ಎಂದು ಮೋಹಿತ್ ನಕ್ಕ. ಪರದೆಯ ಆಚೆಗೂ ಹೋಗಿ, "ಸಾರ್, ನೀವು ಬ್ಯಾಕಪ್. ಅವರಿಗೆ ಏನಾದ್ರೂ ತೊಂದ್ರೆ ಆದ್ರೆ ಮಾತ್ರ. ನೀವೂ ಏನೂ ತಿನ್ಬೇಡಿ," ಎಂದ. "ಬಹಳ ಸಂತೋಷ, ಬಹಳ ಸಂತೋಷ," ಎಂದರು ಜಯಸಿಂಹ. ಅವರ ಧ್ವನಿ ಒಡೆದಿತ್ತು. ಮೋಹಿತ್ ಫೋನಿನಲ್ಲಿ ಪಾರ್ವತಮ್ಮನಿಗೆ ಸುದ್ದಿ ಹೇಳುತ್ತಾ ಹೊರಗೆ ಹೋದ. ಸುರಭಿ ಬಂದು ಮೇಷ್ಟ್ರ ತಲೆಯ ಹತ್ತಿರ 'ಬಾಯಿಗೆ ಏನೂ ಕೊಡಬಾರದು' ಎಂಬ ಬೋರ್ಡು ನೇತುಹಾಕಿದಳು. "ಇನ್ ಮೇಲೆ ನೀರೂ ಇಲ್ಲ ಅಂಕಲ್, ಐಸೂ ಇಲ್ಲ" ಎಂದು ಪೇಪರ್ ಲೋಟವನ್ನು ಎತ್ತಿಕೊಂಡು ಹೋದಳು. ಮೇಷ್ಟ್ರು ಆ ಲೋಟ ಬಾಗಿಲು ದಾಟುವವರೆಗೂ ಅದನ್ನೇ ನೋಡಿದರು.

ಎರಡು ಗಂಟೆ ಅನ್ನುವುದು ಅಷ್ಟು ಬೇಗ ಯಾವತ್ತೂ ಆಗಿರಲಿಲ್ಲ. ಕಿಟಕಿಯಾಚೆ ಮೆಟ್ರೋ ಬನಶಂಕರಿಯ ಕಡೆಗೆ ಹೋಯಿತು, ಬಂತು, ಮತ್ತೆ ಹೋಯಿತು. ಯಾವುದೋ ಮನೆಯಲ್ಲಿ ಯಾರೋ ಅಳುತ್ತಾ ಒಂದು ಕಾಗದಕ್ಕೆ ಸಹಿ ಹಾಕಿದ್ದಾರೆ. ಇಪ್ಪತ್ತಾರು ವರ್ಷ. ಗಂಡೋ ಹೆಣ್ಣೋ ಹೇಳಲಿಲ್ಲ, ಹೇಳುವುದಿಲ್ಲವಂತೆ. ಮೇಷ್ಟ್ರ ಕಿವಿಯೊಳಗೆ ಜ್ವರ ಗುಂಯ್ ಎನ್ನುತ್ತಿತ್ತು. ಏನಾಗುತ್ತೆ, ನೋಡೇ ಬಿಡೋಣ. ಔಷಧಿ ಹಾಕ್ತಾರೆ, ಹೋಗುತ್ತೆ. ಎಲ್ಲರಿಗೂ ಹಾಗೇ ಆಗಬೇಕು ಅಂತೇನಿಲ್ಲ. ಲಕ್ಕಪ್ಪ ನಿಜ ಹೇಳಿ ಉದ್ಧಾರವಾದನೇ? ಸುರಭಿ ಬಂದು ಥರ್ಮಾಮೀಟರನ್ನು ಕಂಕುಳಿಗೆ ಇಟ್ಟು, "ಒಂದ್ ನಿಮಿಷ ಅಂಕಲ್, ಆ ಅಂಕಲ್‌ದೂ ನೋಡ್ಬಿಡ್ತೀನಿ" ಎಂದು ಪರದೆಯ ಆಚೆಗೆ ಹೋದಳು. ಅಷ್ಟೇ ಸಾಕಾಗಿತ್ತು. ಐಸಿಲ್ಲದಿದ್ದರೇನು, ಕೈ ಇಲ್ಲವೇ. ಮೇಷ್ಟ್ರು ಎರಡು ಬೆರಳಿನಲ್ಲಿ ಥರ್ಮಾಮೀಟರನ್ನು ನಯವಾಗಿ ಹೊರಕ್ಕೆ ಜಾರಿಸಿ ಗೌನಿನ ಮಡಿಕೆಗೆ, ಮೈಗೆ ಅಷ್ಟಾಗಿ ತಾಗದ ಹಾಗೆ ಸೇರಿಸಿದರು. ತೊಂಬತ್ತೇಳು ತೋರಿಸಬಹುದು, ತೊಂಬತ್ತೆಂಟೇ ತೋರಿಸಬಹುದು. ಇನ್ನು ಮುಕ್ಕಾಲು ನಿಮಿಷದಲ್ಲಿ ಬೀಪ್ ಎನ್ನುತ್ತದೆ. ಆಮೇಲೆ ಓಟಿ, ಆಮೇಲೆ ಹೊಸದು.

ಹಣೆ ಕೆಂಡದ ಹಾಗಿತ್ತು, ಇವರದಲ್ಲ, ಹನ್ನೆರಡು ವರ್ಷದ ಹಿಂದೆ ಪ್ರೇರಣಾಳದು. ಒಂಬತ್ತನೇ ಕ್ಲಾಸು, ಇಡೀ ವಲಯದಲ್ಲೇ ಅವಳಂಥ ಖೋಖೋ ಓಟಗಾರ್ತಿ ಇರಲಿಲ್ಲ. ಫೈನಲ್ಲಿನ ದಿನ ಬಿಸಿಲಿನಲ್ಲಿ ಬಂದು, "ಸಾರ್, ತುಂಬಾ ಜ್ವರ ಇದೆ" ಎಂದಳು. ಜೀವಮಾನದಲ್ಲಿ ಯಾರ ಹಣೆಯನ್ನೂ ಮುಟ್ಟಿ ನೋಡದ ಮೇಷ್ಟ್ರು ಅವತ್ತು ಮುಟ್ಟಿ ನೋಡಿದರು. ಸುಟ್ಟುಕೊಂಡವರ ಹಾಗೆ ಕೈ ತೆಗೆದರು. ನಿಜವಾದ ಜ್ವರ. ಈರುಳ್ಳಿಯಲ್ಲ, ನಾಟಕವಲ್ಲ. ಅವಳಿಲ್ಲದೆ ಟೀಮು ಸೋಲುತ್ತಿತ್ತು. ಕರವಸ್ತ್ರ ಒದ್ದೆ ಮಾಡಿ ಅವಳ ತಲೆಗೆ ಕಟ್ಟಿ, "ಬಿಸಿಲಿಗೆ ಹಂಗಾಗುತ್ತಮ್ಮ, ಏನೂ ಇಲ್ಲ, ಓಡು" ಎಂದರು. ಅವಳು ನಂಬಿದಳು. ಮೇಷ್ಟ್ರು ಹೇಳಿದ ಮೇಲೆ ಏನೂ ಇರಲಿಕ್ಕಿಲ್ಲ ಎಂದು ಓಡಿದಳು, ಒಂದು ಪಾಯಿಂಟಿನಲ್ಲಿ ಗೆಲ್ಲಿಸಿದಳು. ಕಪ್ ಕೈಗೆ ಕೊಡುವಾಗ ಕುಸಿದು ಬಿದ್ದಳು. ಡೆಂಗಿ. ಹತ್ತು ದಿನ ಆಸ್ಪತ್ರೆ, ಅದರಲ್ಲಿ ಎರಡು ದಿನ ಯಾರೂ ಏನೂ ಹೇಳುವ ಹಾಗಿರಲಿಲ್ಲ. ಬದುಕಿ ಬಂದಳು. ಅವಳ ತಾಯಿ ಶಾಲೆಗೆ ಬಂದು ಬೈಯುತ್ತಾಳೆಂದು ಮೇಷ್ಟ್ರು ಸ್ಟೋರ್ ರೂಮಿನಲ್ಲಿ ಬಾಲುಗಳ ಹಿಂದೆ ನಿಂತಿದ್ದರೆ, ಆಕೆ ಹುಡುಕಿಕೊಂಡು ಬಂದು ಕೈಮುಗಿದು, "ನಿಮ್ಮಿಂದ ನಮ್ ಮಗು ಕಪ್ ಗೆದ್ಲು ಸಾರ್" ಎಂದಳು. ಚಪ್ಪಲಿಯಲ್ಲಿ ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು. ಈಗಲೂ ಬಸ್‌ಸ್ಟಾಪಿನಲ್ಲಿ ಸಿಕ್ಕರೆ ಪ್ರೇರಣಾ "ನಮಸ್ತೆ ಸಾರ್" ಎನ್ನುತ್ತಾಳೆ, ಮೇಷ್ಟ್ರು ಬಾರದ ಬಸ್ಸು ಬಂತೆಂದು ಓಡುತ್ತಾರೆ. ಅವಳಿಗೂ ಈಗ ಹೆಚ್ಚುಕಡಿಮೆ ಇಪ್ಪತ್ತಾರೇ ಇರಬೇಕು. ಥೂ, ಇದೇನು ಯೋಚನೆ. ಇಲ್ಲ, ಇದೇ ಯೋಚನೆ. ಯಾರದೋ ಆರೋಗ್ಯವಾದ ಹೃದಯ ಐದು ಗಂಟೆಗೆ ಇವರನ್ನು ನಂಬಿಕೊಂಡು ಬರುತ್ತದೆ. ಅದನ್ನು ಈ ಉರಿಯುವ ಮೈಯೊಳಗೆ ಇಳಿಸಿ ಮೇಷ್ಟ್ರು ಏನೆನ್ನಬೇಕು? ಏನೂ ಇಲ್ಲ, ಓಡು ಎನ್ನಬೇಕೇ?

ಹಾಳಾಗಿ ಹೋಗ್ಲಿ, ಎಂದುಕೊಂಡರು ಮೇಷ್ಟ್ರು. ಬದುಕುವ ಆಸೆಯೇನೂ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ತನ್ನ ಮೇಲೆ ತನಗೇ ಕೆಟ್ಟ ಸಿಟ್ಟು ಬರುತ್ತಿತ್ತು. ಆ ಸಿಟ್ಟಿನಲ್ಲೇ ಥರ್ಮಾಮೀಟರನ್ನು ಗೌನಿನ ಮಡಿಕೆಯಿಂದ ತೆಗೆದು ಕಂಕುಳಿನ ಆಳಕ್ಕೆ ತುರುಕಿ, ತೋಳನ್ನು ಒತ್ತಿ ಹಿಡಿದರು. ಬೀಪ್ ಎಂದಿತು. ಸುರಭಿ ಬಂದು ತೆಗೆದು ನೋಡಿದಳು, ಒರೆಸಿ ಮತ್ತೆ ನೋಡಿದಳು.

"ಅಂಕಲ್, ನೂರಾ ಒಂದು ಪಾಯಿಂಟ್ ಎಂಟು! ಇದೇನು ಇದ್ದಕ್ಕಿದ್ದಂಗೆ?"

"ಇದ್ದಕ್ಕಿದ್ದಂಗೆ ಅಲ್ಲಮ್ಮ. ಮೂರು ದಿನ ಆಯ್ತು," ಎಂದರು ಮೇಷ್ಟ್ರು. "ಐಸ್ ಇಟ್ಕೋತಿದ್ದೆ. ಬೆಳಿಗ್ಗೆ ಒದ್ದೆ ಆಗಿದ್ದೂ ಐಸೇ. ಡಯಪರ್ ಬಿಚ್ಚಮ್ಮ ಮೊದ್ಲು."

ಸುರಭಿ ಮೊದಲು ಅತ್ತಳು, ಆಮೇಲೆ ಬೈದಳು, ಆಮೇಲೆ ಓಡಿದಳು. ಐದು ನಿಮಿಷದಲ್ಲಿ ಮಂಚದ ಸುತ್ತ ಏಳೆಂಟು ಜನ ನಿಂತಿದ್ದರು. ಡಾಕ್ಟರಮ್ಮ ಕುತ್ತಿಗೆಯ ಲೈನಿನ ಪಟ್ಟಿ ಬಿಚ್ಚಿದಾಗ ಅಂಚಿನಲ್ಲಿ ಒಂದು ಹನಿ ಕೀವು ಕ್ಲಾಸಿಗೆ ತಡವಾಗಿ ಬಂದವನ ಹಾಗೆ ಇಣುಕಿತು. "ಮೇಷ್ಟ್ರಾಗಿದ್ಕೊಂಡು ಮಾಡೋ ಕೆಲಸಾನಾ ಇದು? ಇವತ್ತು ಹಾರ್ಟ್ ಹಾಕಿದ್ದಿದ್ರೆ ವಾರದಲ್ಲಿ ನೀವೂ ಇರ್ತಿರಲಿಲ್ಲ, ಅದೂ ಇರ್ತಿರಲಿಲ್ಲ. ಗೊತ್ತಾ ನಿಮಗೆ?" ಎಂದರು. ಮೇಷ್ಟ್ರು ಬೆಂಚಿನ ಮೇಲೆ ನಿಂತವರಂತೆ ಕೇಳಿಸಿಕೊಂಡರು. ರಕ್ತ ಎರಡು ಕಡೆಯಿಂದ ತೆಗೆದರು. ಹಳೆಯ ಲೈನು ಕಿತ್ತು ಬೇರೆ ಕಡೆ ಹಾಕಿದರು. ಕ್ರಿಮಿ ಲೈನಿನಲ್ಲೇ ನಿಂತಿದ್ದರೆ ಔಷಧಿಗೆ ಹೋಗಬಹುದು, ರಕ್ತ ಶುದ್ಧವಾದ ಮೇಲೆ ಮತ್ತೆ ಲಿಸ್ಟು. ಪಂಪಿನವರೆಗೆ ಹೋಗಿದ್ದರೆ ಕಷ್ಟ. ಎರಡು ಮೂರು ದಿನ ಕಾಯದೆ ಏನೂ ಹೇಳಲು ಬರುವುದಿಲ್ಲ ಎಂದರು. ಮೋಹಿತ್ ಹಾಳೆಯ ಮೇಲೆ ಏನೋ ಹೊಡೆದುಹಾಕಿ ಪರದೆಯ ಆಚೆಗೆ ಹೋದ.

ಮೂರೂವರೆಗೆ ಜಯಸಿಂಹರನ್ನು ಮಂಚದ ಸಮೇತ ಹೊರಡಿಸಿದರು. ಪರದೆ ಸರಿಸಿದಾಗ ಇಬ್ಬರೂ ಎದುರುಬದುರಾದರು. ಜಯಸಿಂಹ ಮಂಚ ತಳ್ಳುವವನಿಗೆ, "ಕ್ಷಮಿಸಿ, ಒಂದು ನಿಮಿಷ" ಎಂದರು. ಅವರ ಕಣ್ಣು ಕೆಂಪಗಿದ್ದವು.

"ಮೇಷ್ಟ್ರೇ, ಎರಡು ದಿನದಿಂದ ನಾನು ನಿದ್ದೆ ಮಾಡಿಲ್ಲ. ಈ ಪರದೇಲಿ ಇಷ್ಟಗಲ ಸಂದಿ ಇದೆ. ತಾವು ಐಸು ಇಟ್ಕೊಳ್ಳೋದು ನನಗೆ ಕಾಣ್ತಿತ್ತು."

ಮೇಷ್ಟ್ರು ದಿಂಬಿನಿಂದ ತಲೆ ಎತ್ತಿದರು. "ಕಾಣ್ತಿತ್ತಾ? ಮತ್ತೆ ಯಾಕ್ ಸಾರ್ ಹೇಳ್ಲಿಲ್ಲ?"

"ಹೇಗೆ ಹೇಳಲಿ? ಹೇಳಿದ್ರೆ ತಮ್ಮ ಸರದಿ ತಪ್ಪಿ ನನಗೆ ಬರುತ್ತೆ. ಹಾರ್ಟಿನ ಆಸೆಗೆ ಚಾಡಿ ಹೇಳಿದ ಅಂತ ಆಗಲ್ವೇ? ಅದು ಮರ್ಯಾದೆ ಅಲ್ಲ."

"ಹೇಳ್ದೆ ಇದ್ದಿದ್ರೆ ನಾನು ಸತ್ತೇ ಹೋಗ್ತಿದ್ದೆನಲ್ಲ ಸಾರ್!"

"ಹೌದು," ಎಂದರು ಜಯಸಿಂಹ ಬಹಳ ಸಂಕೋಚದಿಂದ. "ಅದನ್ನೂ ಯೋಚನೆ ಮಾಡ್ದೆ."

ಈ ಮನುಷ್ಯ ಮರ್ಯಾದೆಗೆ ಅಂಜಿ ನನ್ನನ್ನು ಸಾಯಲು ಬಿಟ್ಟು, ಆಮೇಲೆ ತಿಥಿಗೂ ಬಂದು ಕೈಮುಗಿದು ಹೋಗುತ್ತಿದ್ದ ಎಂದು ಹೊಳೆದಾಗ ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಬೈಯಬೇಕೆಂದು ಬಾಯಿ ತೆರೆದವರಿಗೆ ನಗು ಬಂತು. ನಕ್ಕರೆ ಪಂಪಿನ ಜಾಗ ನೋಯುತ್ತಿತ್ತು, ಆದರೂ ನಿಲ್ಲಲಿಲ್ಲ. ಜಯಸಿಂಹರಿಗೂ ಹತ್ತಿಕೊಂಡಿತು. ಎರಡೂ ಯಂತ್ರಗಳು ಒಟ್ಟಿಗೆ ಅಲಾರಂ ಹೊಡೆದುಕೊಂಡವು. "ಹೋಗಿ ಸಾರ್, ಹೋಗಿ, ಲೇಟಾಗುತ್ತೆ," ಎಂದರು ಮೇಷ್ಟ್ರು. ಮಂಚ ಬಾಗಿಲು ದಾಟಿ ಹೋದ ಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಅತ್ತರು. ಆ ಹೃದಯ ಅವರಿಗೆ ಬೇಕಾಗಿತ್ತು. ತುಂಬಾ ಬೇಕಾಗಿತ್ತು.

ನಾಲ್ಕು ಗಂಟೆಗೆ, ಐಸಿಯುಗೆ ಮನೆಯವರನ್ನು ಬಿಡುವ ಹೊತ್ತಿಗೆ, ಪಾರ್ವತಮ್ಮ ಬಂದರು. ಹಸಿರು ಗೌನು, ಟೋಪಿ, ಮಾಸ್ಕು, ಕೈಗೆ ಎರಡು ಸಲ ಔಷಧಿ ಹಚ್ಚಿಸಿ ಒಳಗೆ ಬಿಟ್ಟಿದ್ದರು. ಮಧ್ಯಾಹ್ನ ಮೋಹಿತ್‌ನ ಫೋನು ಬಂದದ್ದೇ ತಡ, ಬೀದಿಗೆಲ್ಲ ಹೇಳಿ, ಆಟೋದವನಿಗೂ ಹೇಳಿ, ಸಿಗ್ನಲ್ಲಿನಲ್ಲಿ ಪಕ್ಕ ನಿಂತಿದ್ದ ಸ್ಕೂಟರಿನವಳಿಗೂ ಹೇಳಿಕೊಂಡು ಬಂದಿದ್ದರು. ಮಾಸ್ಕಿನೊಳಗೇ ನಗುತ್ತಿರುವುದು ಗೊತ್ತಾಗುತ್ತಿತ್ತು.

"ಇನ್ನೂ ಕರ್ಕೊಂಡೋಗಿಲ್ವಾ ನಿಮ್ಮನ್ನ? ಹಾರ್ಟ್ ಬರ್ತಿದೆಯಂತೆ, ಕೆಳಗಡೆ ದಾರಿ ಬಿಡ್ಸಕ್ಕೆ ಪೊಲೀಸ್ನೋರೆಲ್ಲ ನಿಂತಿದಾರೆ!"

"ಬರ್ತಿದೆ ಪಾರ್ವತಿ. ಪಕ್ಕದವರಿಗೆ ಕೊಟ್ರು."

"ಪಕ್ಕದವ್ರಿಗಾ? ಯಾಕೆ? ಮೊದಲು ನಿಮ್ಮ ಸರದಿ ಅಲ್ವಾ? ಯಾರ್ರೀ ಅದು ಕೊಟ್ಟಿದ್ದು, ಕರೀರಿ ಆ ಮೋಹಿತ್‌ನ!"

"ಜ್ವರ ಇತ್ತು ಕಣೇ ನನಗೆ. ಇನ್‌ಫೆಕ್ಷನ್ನು. ಇದ್ದಾಗ ಹಾಕಂಗಿಲ್ಲ. ಹಾಕಿದ್ರೆ ಉಳಿತಿರಲಿಲ್ಲ."

"ಜ್ವರ ಇಲ್ಲ ಅಂತ ನಿನ್ನೇನೂ ಹೇಳುದ್ರಲ್ಲ? ಜ್ವರ ಇದೆ ಅಂತ ಅವರಿಗೆ ಯಾರು ಹೇಳಿದ್ದು?"

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಸೊಳ್ಳೆ ಎಂದು ಹೇಳಬಹುದಿತ್ತು. ಶೂ ಟೈಟು ಎನ್ನಬಹುದಿತ್ತು.

"ನಾನೇ ಹೇಳ್ದೆ," ಎಂದರು.

ಪಾರ್ವತಮ್ಮ ಅಲ್ಲೇ ನಿಂತರು. ಇಪ್ಪತ್ತಮೂರು ದಿನದಿಂದ ಮುಟ್ಟಬೇಡಿ, ಹತ್ತಿರ ಹೋಗಬೇಡಿ ಎಂದು ಹೇಳಿಸಿಕೊಂಡು ಎರಡು ಕೈಯನ್ನೂ ಹೊಟ್ಟೆಯ ಮೇಲೆ ಕಟ್ಟಿಕೊಂಡೇ ಬಂದು ಹೋಗುತ್ತಿದ್ದ ಹೆಂಗಸು. ಅವರ ಮಾಸ್ಕು ಮೇಲಿನಿಂದ ಒದ್ದೆಯಾಗುತ್ತಾ ಬಂತು.

"ಮೂವತ್ತು ವರ್ಷದಲ್ಲಿ ನನ್ ಹತ್ರ ಒಂದ್ ದಿನ ನಿಜ ಹೇಳ್ದೋರಲ್ಲ ನೀವು," ಎಂದರು ಪಾರ್ವತಮ್ಮ. "ಹೋಗಿ ಹೋಗಿ ಇವತ್ತೇ ಹೇಳ್ಬೇಕಿತ್ತೇನ್ರೀ?"